ಅಣ್ಣನ ಎದೆ, ತಮ್ಮನ ಹೆಸರು

ಮನೆಯಲ್ಲಿ ಯಾರಾದರೂ ಕೆಮ್ಮಿದರೆ ಬಾಗಿಲು ಮುಚ್ಚಿಕೊಳ್ಳುವವರು ನಮ್ಮಲ್ಲಿ ಕಡಿಮೆಯೇ? ಗಜೇಂದ್ರಗಡದ ನೇಕಾರರ ಶಂಕ್ರವ್ವನೂ ಅಂಥವಳೇ. ಗಂಡ ರಕ್ತ ಕಾರಿ ಸತ್ತಾಗಲೂ ಜನರಿಗೆ ‘ಹೊಟ್ಟೆಶೂಲೆ’ ಎಂದಿದ್ದಳು. ಕ್ಷಯದ ಮನೆಗೆ ಹೆಣ್ಣು ಕೊಡುವವರು ಯಾರು?

ಹಿರಿಮಗ ಹುಚ್ಚಪ್ಪ ಮಗ್ಗದಲ್ಲಿ ಸೀರೆ ನೇಯ್ದು ಮನೆ ನಡೆಸುತ್ತಿದ್ದ. ಸವಡಿಯ ಹೆಣ್ಣಿನೊಡನೆ ಅವನ ಮದುವೆ ಗೊತ್ತಾಗಿತ್ತು. ಅವನ ದುಡಿಮೆಯಿಂದಲೇ ತಮ್ಮ ಮುದಿಯಪ್ಪ ಧಾರವಾಡದಲ್ಲಿ ಬಿ.ಎಸ್ಸಿ. ಓದಿದ. ನೂಲು-ನೇಯ್ಗೆಯ ವಿದ್ಯೆ ಕಲಿಯಲು ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿದ. ಐವತ್ತಾರನೆಯ ಇಸವಿಯಲ್ಲಿ ಸೀಟು ಸಿಕ್ಕಿತು, ವಿದ್ಯಾರ್ಥಿವೇತನವೂ ಸಿಕ್ಕಿತು. ಹುಬ್ಬಳ್ಳಿಯಲ್ಲಿ ಎದೆಯ ಎಕ್ಸ್‌ರೇ ಫೋಟೋ ತೆಗೆಸಿ, ಕ್ಷಯವಿಲ್ಲ ಎಂದು ಡಾಕ್ಟರಿಂದ ಬರೆಸಿಕೊಂಡು ಕಳಿಸುವುದಷ್ಟೇ ಉಳಿದಿತ್ತು.

ಆ ಹೊತ್ತಿಗೇ ಮುದಿಯಪ್ಪನಿಗೆ ಕೆಮ್ಮು ಹತ್ತಿತು. ಶಂಕ್ರವ್ವನ ಜೀವ ಬಾಯಿಗೆ ಬಂತು.

ಪಕ್ಕದ ಮನೆಯ ಅನಸೂಯಾಬಾಯಿ ದವಾಖಾನೆಯಲ್ಲಿ ನರ್ಸು. ಗೋಡೆಯಾಚೆಯಿಂದ ಕೆಮ್ಮು ಕೇಳಿ ಬಂದರು.

“ಶಂಕ್ರವ್ವಾ, ಹುಡುಗನ್ನ ಲಗೂ ಹುಬ್ಬಳ್ಳಿಗೆ ಕಳಸು. ಬ್ಯಾನಿ ಇದ್ರ ಈಗ ಔಷಧ ಅದ. ಸೂಜಿ ಅದ, ಗುಳಿಗಿ ಅದ. ಇಲ್ಲಂದ್ರ ನಿಶ್ಚಿಂತಿ.”

“ಧೂಳಿನ ಕೆಮ್ಮರಿ ಬಾಯಾರ. ನಮ್ಮ ಮನ್ಯಾಗ ಅಂಥಾ ಬ್ಯಾನಿ ಯಾರಿಗೂ ಬಂದಿಲ್ಲ,” ಎಂದಳು ಶಂಕ್ರವ್ವ. ಬಾಯಿ ಹಾಗೆಂದಿತು, ಕಣ್ಣ ಮುಂದೆ ಗಂಡ ಬಂದು ನಿಂತಿದ್ದ.

ಅನಸೂಯಾಬಾಯಿ ಹೋದ ಮೇಲೆ ಹಿರಿಮಗನನ್ನು ಕರೆದಳು. ಅಣ್ಣ ತಮ್ಮ ಒಂದೇ ಅಚ್ಚು. ಹುಚ್ಚಪ್ಪನಿಗೋ ಕೆಮ್ಮಿಲ್ಲ, ನೆಗಡಿಯಿಲ್ಲ.

“ತಮ್ಮನ ಬದಲಿ ನೀ ಹೋಗಿ ನಿಂದರಪಾ. ಹೆಸರ ಕೇಳಿದರ ಮುದಿಯಪ್ಪ ಅನ್ನು.”

“ಯವ್ವಾ, ಸುಳ್ಳ ಹೇಳಿ ಕಳಸೂದೇನ?”

“ತಮ್ಮನ ಸಲುವಾಗಿ ಒಂದ ಸುಳ್ಳ ಹೇಳಾಕ ಆಗಾಂಗಿಲ್ಲೇನ?”

ಹುಚ್ಚಪ್ಪ ಹುಬ್ಬಳ್ಳಿಗೆ ಹೋಗಿ, ತಮ್ಮನ ಹೆಸರಿನಲ್ಲಿ ಫೋಟೋಗೆ ನಿಂತು ಬಂದ. ಮುದಿಯಪ್ಪನೂ ಬೇಡವೆನ್ನಲಿಲ್ಲ. ಬಿ.ಎಸ್ಸಿ. ಓದಿದರೇನು, ಅಂಜಿಕೆ ಅಂಜಿಕೆಯೇ.

ವಾರದ ಮೇಲೆ ಡಾಕ್ಟರ ಪತ್ರ ತರಲು ಹೋದ ಮುದಿಯಪ್ಪ ಬರಿಗೈಯಲ್ಲಿ ಬಂದ.

“ಯವ್ವಾ, ಫೋಟೋದಾಗ ಕ್ಷಯ ಕಂಡೈತಿ. ಡಾಕ್ಟರು ನನಗಂತ ತಿಳದು, ಇವತ್ತ ಸೂಜಿ ಸುರು ಮಾಡಬೇಕಂದ್ರು. ಆ ಎದಿ ಅಣ್ಣಂದು.”

ಶಂಕ್ರವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಿಜ ಹೇಳಿದರೆ ಸವಡಿಯ ಸಂಬಂಧ ಮುರಿಯುತ್ತದೆ. ಹೇಳದಿದ್ದರೆ ಮುದಿಯಪ್ಪನ ಇಂಗ್ಲೆಂಡಿನ ಹಡಗು ತಪ್ಪುತ್ತದೆ. ಅತ್ತ ದರಿ, ಇತ್ತ ಪುಲಿ.

“ಅಣ್ಣಗ ಹೇಳಬ್ಯಾಡ. ಲಗ್ನ ಒಂದ ಆಗಲಿ,” ಎಂದಳು.

“ಕಾಗದ ಬಂತೇನ?” ಎಂದು ಹುಚ್ಚಪ್ಪ ಕೇಳುತ್ತಲೇ ಇದ್ದ. “ಟಪಾಲಿನ್ಯಾಗ ಬರತೈತಿ,” ಎನ್ನುತ್ತಿದ್ದ ಮುದಿಯಪ್ಪ, ಅಣ್ಣನ ಮುಖ ನೋಡದೆ. ಶ್ರಾವಣ ಹೋಯಿತು, ಹಡಗೂ ಹೋಯಿತು. ದಸರೆಯ ಹೊತ್ತಿಗೆ ಹುಚ್ಚಪ್ಪ ಮಗ್ಗದಲ್ಲೇ ಕೆಮ್ಮಿದ. ನೇಯುತ್ತಿದ್ದ ಸೀರೆಯ ಮೇಲೆ ರಕ್ತ ಬಿತ್ತು.

ಅನಸೂಯಾಬಾಯಿ ಓಡಿ ಬಂದರು. ಶಂಕ್ರವ್ವ ಅವರ ಕೈ ಹಿಡಿದು ಅಳುತ್ತ ಎಲ್ಲವನ್ನೂ ಹೇಳಿದಳು.

“ಎರಡ ತಿಂಗಳ ಮುಂಚೆ ಗೊತ್ತಾಗಿತ್ತಲ್ಲವ್ವಾ! ಆಗಿಂದ ಸೂಜಿ ಕೊಟ್ಟಿದ್ರ ಇಷ್ಟ ಬಲೀತಿದ್ದಿಲ್ಲ,” ಎಂದು ಅವರೂ ಕಣ್ಣೊರೆಸಿಕೊಂಡರು.

ಇಬ್ಬರು ಮಕ್ಕಳನ್ನೂ ಹುಬ್ಬಳ್ಳಿಗೆ ಒಯ್ದರು. ಈ ಸಲ ಮುದಿಯಪ್ಪ ತನ್ನ ಹೆಸರಿನಲ್ಲಿ ತಾನೇ ನಿಂತ. ಅವನ ಎದೆ ಚೊಕ್ಕವಾಗಿತ್ತು. ಅದು ನಿಜಕ್ಕೂ ಧೂಳಿನ ಕೆಮ್ಮು! ಮೊದಲೇ ತಾನು ಹೋಗಿದ್ದರೆ ಇಷ್ಟರಲ್ಲಿ ಇಂಗ್ಲೆಂಡಿನಲ್ಲಿ ಪಾಠ ಕೇಳುತ್ತಿದ್ದ. ಅಲ್ಲಿ ಅವನ ಸೀಟು ಬೇರೆಯವರ ಪಾಲಾಗಿತ್ತು. ಸವಡಿಯವರು ಸಂಬಂಧ ಬೇಡವೆಂದರು.

ಹುಚ್ಚಪ್ಪ ದವಾಖಾನೆಯ ಮಂಚದಿಂದ ಒಂದೇ ಮಾತು ಕೇಳಿದ: “ನಿನಗ ಗೊತ್ತಿತ್ತೇನ ತಮ್ಮಾ?”

ಮುದಿಯಪ್ಪ ಬಾಯಿ ತೆರೆಯುವ ಮುನ್ನ ಶಂಕ್ರವ್ವನೇ ಹೇಳಿದಳು: “ನಾನ ಹೇಳಬ್ಯಾಡ ಅಂದೆ. ಲಗ್ನ ನೋಡಿದೆ, ನಿನ್ನ ಜೀವ ನೋಡಲಿಲ್ಲಪಾ.”

ಹುಚ್ಚಪ್ಪನಿಗೆ ಸೂಜಿ ನಡೆದಿದೆ. ಗುಣವಾದೀತು ಎನ್ನುತ್ತಾರೆ ಡಾಕ್ಟರು, ಆದರೆ ಇನ್ನು ಮಗ್ಗಕ್ಕೆ ಕೂಡುವಂತಿಲ್ಲ. ಈಗ ಓಣಿಯಲ್ಲಿ ಯಾರು ಕೆಮ್ಮಿದರೂ ಶಂಕ್ರವ್ವ ತಾನೇ ದವಾಖಾನೆಗೆ ಎಳೆದೊಯ್ಯುತ್ತಾಳೆ.

ಹೊರದೇಶಕ್ಕೆ ಓದಲು ಹೊರಟ ಮಕ್ಕಳೇ, ಅವರ ತಾಯ್ತಂದೆಗಳೇ, ಅರ್ಜಿ ಹಾಕುವ ದಿನವೇ ಎದೆಯ ಪರೀಕ್ಷೆ ಮಾಡಿಸಿರಿ. ಮನೆಯವರನ್ನೂ ಕರೆದೊಯ್ಯಿರಿ. ನಿಮ್ಮ ಹೆಸರಿಗೆ ನೀವೇ ನಿಲ್ಲಿರಿ. ಕ್ಷಯಕ್ಕೆ ಈಗ ಔಷಧವಿದೆ. ಒಂದು ವರ್ಷ ತಡವಾದರೂ ಹಡಗು ಮತ್ತೆ ಬರುತ್ತದೆ. ಫಲ ಏನೇ ಬರಲಿ, ಎದೆ ಯಾರದೋ ಅವರಿಗೆ ಮೊದಲು ಹೇಳಿರಿ.