ಮೇಲಕ್ಕೇಳುವ ಹೆಬ್ಬೆರಳು

ಬೀಗದಕೈ ಇಷ್ಟು ತಣ್ಣಗಿದೆಯಲ್ಲ, ಇವರಿಗೆ ಜುಮ್ಮೆನ್ನಬೇಕು, ಕಣ್ಣು ಮುಚ್ಕೊಳ್ಳಿ ರೀ, ಗೀರಿದ್ದು ತಿಳಿದ ಕೂಡ್ಲೇ ಹೇಳಿ, ಅಂದಿದ್ದೇನೆ, ಮುಚ್ಚಿದ್ದಾರೆ, ಹಿಮ್ಮಡಿಯಿಂದ ಶುರುಮಾಡಿ ಪಾದದ ಹೊರ ಅಂಚಿಗೇ ಗೀರುತ್ತ ಬೆರಳುಗಳ ಬುಡದಲ್ಲಿ ಒಳಕ್ಕೆ ತಿರುಗಿಸಬೇಕು, ಎಷ್ಟು ರೋಗಿಗಳಿಗೆ ಮಾಡಿಲ್ಲ ನಾನು, ಬಿದ್ದವರಿಗೆ ವ್ಯಾಯಾಮ ಮಾಡಿಸಿ ನಡೆಸುವುದೇ ನನ್ನ ಕೆಲಸ, ಆದರೆ ಇದು ಇವರ ಪಾದ, ಹಿಮ್ಮಡಿಯ ಬಿರುಕಿನಲ್ಲಿ, ಹೆಬ್ಬೆರಳಿನ ಉಗುರಲ್ಲಿ ಇನ್ನೂ ನೀಲಿ ಬಣ್ಣ, ಗೋಡೆಗೆ ಬಣ್ಣ ಹೊಡೆಯಲು ಏಣಿ ಹತ್ತಿದರೆ ಊಟಕ್ಕಲ್ಲದೆ ಇಳಿಯದವರು, ಆವತ್ತು ಊಟಕ್ಕೆ ಮುಂಚೆಯೇ ಇಳಿದುಬಿಟ್ಟರು — ಥೂ, ಇಂಥ ಹೊತ್ತಲ್ಲೂ ತಮಾಷೆ ಹೊಳೆಯುತ್ತದಲ್ಲ ನನಗೆ — ಮಡಿಸಿಕೋ ಬೆರಳೇ, ಕೆಳಕ್ಕೆ ಮಡಿಸಿಕೋ, ನಿನ್ನ ಕಾಲಿಗೆ ಬೀಳುತ್ತೇನೆ. ಮೇಲಕ್ಕೆದ್ದಿತು. ಹೆಬ್ಬೆರಳು ನಿಧಾನವಾಗಿ ಮೇಲಕ್ಕೆದ್ದಿತು, ಉಳಿದವು ಬೀಸಣಿಗೆಯ ಹಾಗೆ ಬಿಚ್ಚಿಕೊಂಡವು. ಆಡ್ತು, ನೋಡೇ, ಮತ್ತೆ ಆಡ್ತು, ನನ್ ಮಗ ಬೆರಳಾಡಿಸ್ದ, ಎನ್ನುತ್ತಾರೆ ಅತ್ತೆ, ನಮ್ಮ ಮಗು ಪುಟ್ಟಿಯನ್ನು ಸೊಂಟದ ಮೇಲೆ ಕುಣಿಸುತ್ತಾರೆ, ಬೆಳಿಗ್ಗೆ ಡಾಕ್ಟರು ಗೀರಿದಾಗಲೂ ಹೀಗೇ ಎದ್ದಿತ್ತು, ಡಾಕ್ಟರು ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಲಿಲ್ಲ, ಅತ್ತೆ ಮಾತ್ರ ಹಾಲು ಕುಡಿದಷ್ಟು ಖುಷಿಯಾಗಿ ನೆಂಟರಿಗೆಲ್ಲ ಫೋನ್ ಮಾಡಿ, ಮನೆಯಿಂದ ಇವರ ಶೂ ತಂದು ಒರೆಸಿ ಆಸ್ಪತ್ರೆಯ ಮಂಚದ ಕೆಳಗೆ ಜೋಡಿಸಿಟ್ಟಿದ್ದಾರೆ, ಏಳ್ತಾನೆ ಅಲ್ವೇನಮ್ಮ, ಎಷ್ಟು ಜನರನ್ನ ನಡೆಸಿದೀಯ ನೀನು, ನೀನೇ ಹೇಳು. ಬೀಗದಕೈಯನ್ನು ಮತ್ತೆ ಹಿಮ್ಮಡಿಗೆ ಒಯ್ಯುತ್ತೇನೆ.

ಮಗುವಿನ ಪಾದಕ್ಕೆ ಬೆರಳು ತಾಗಿಸಿದರೂ ಹೀಗೇ ಏಳುತ್ತದೆ, ಮಗುವಿಗೆ ಏಳಬೇಕು, ಅದು ಸರಿ, ಗರ್ಭದಲ್ಲಿ ಬೆನ್ನಿನ ಮೇಲೆ ಮೊದಲು ಒಂದು ಹಳ್ಳ, ಹಳ್ಳದ ದಡಗಳು ಕೂಡಿ ಒಂದು ಕೊಳವೆ, ಕೊಳವೆಯ ತುದಿ ಉಬ್ಬಿ ಮಿದುಳು, ಉಳಿದದ್ದು ಬೆನ್ನುಹುರಿ, ಬಸಿರು ನಿಂತದ್ದು ನನಗೇ ಖಾತ್ರಿಯಾಗುವಷ್ಟರಲ್ಲಿ ಅಷ್ಟೆಲ್ಲ ಆಗಿಹೋಗಿರುತ್ತದೆ, ಆದರೂ ಹುಟ್ಟಿದ ಮೇಲೆ ಮಿದುಳಿನ ಮಾತು ಬೆನ್ನುಹುರಿಗುಂಟ ಕಾಲಿನವರೆಗೆ ಇಳಿಯಲು ಕಾಲ ಬೇಕು, ನರದ ಎಳೆಗಳಿಗೆ ಹೊದಿಕೆ ಬೆಳೆಯಬೇಕು, ಅದು ಬೆಳೆದು ಮಗು ನಡೆಯಲು ಕಲಿಯುವ ಹೊತ್ತಿಗೆ ಬೆರಳು ಕೆಳಕ್ಕೆ ಮಡಚಿಕೊಳ್ಳುತ್ತದೆ, ನಮ್ಮ ಪುಟ್ಟಿಯದೂ ಮುಂದೆ ಮಡಚಿಕೊಳ್ಳುತ್ತದೆ, ಇವರದೂ ಒಂದು ಕಾಲಕ್ಕೆ ಮಡಚಿಕೊಂಡಿತ್ತು, ಈಗ ಏಣಿಯಿಂದ ಬಿದ್ದು ಕತ್ತಿನಲ್ಲಿ ಹುರಿ ಜಜ್ಜಿಹೋಗಿದೆ, ಮೇಲಿನ ಮಾತು ಕೆಳಗಿಳಿಯುತ್ತಿಲ್ಲ, ದೊಡ್ಡವರಿಲ್ಲದ ಮನೆಯಲ್ಲಿ ಮಗು ಬಾಗಿಲು ತೆಗೆದ ಹಾಗೆ ಕೆಳಗಿನ ಹುರಿ ತಾನೇ ಉತ್ತರ ಕೊಡುತ್ತಿದೆ, ಬೆರಳಾಡಿಸಿದ್ದು ನಿಮ್ಮ ಮಗ ಅಲ್ಲ ಅತ್ತೆ, ಅಲ್ಲ. ಆದರೂ ಬೆರಳು ಮೇಲಕ್ಕೆದ್ದವರಲ್ಲೂ ನಡೆದವರಿದ್ದಾರೆ, ನಾನೇ ನಡೆಸಿದ್ದೇನೆ, ಅವರಿಗೆ ಗೀರಿದ್ದು ತಿಳಿಯುತ್ತಿತ್ತು, ಅಯ್ಯೋ ಬಿಡಿ ಮೇಡಂ ಅಂತ ಬೈಯುತ್ತಿದ್ದರು, ಇವರೂ ಬೈಯಲಿ, ಒಂದೇ ಒಂದು ಬೈಗುಳ ಸಾಕು ನನಗೆ, ಇನ್ನೂ ಜೋರಾಗಿ ಗೀರುತ್ತೇನೆ, ಚರ್ಮ ಕೆಂಪಾಯಿತು, ಬೈಯಿರಿ, ಬೈಯಿರಿ ರೀ —

ಇನ್ನೂ ಶುರು ಮಾಡಿಲ್ವೇನೇ, ಎನ್ನುತ್ತಾರೆ ಇವರು, ಕಣ್ಣು ಮುಚ್ಚಿಕೊಂಡೇ, ಎಷ್ಟೊತ್ತು ಕಾಯಿಸ್ತೀಯ.

ಮಾಡ್ತೀನಿ ರೀ, ಇದೋ ಈಗ, ಹಿಮ್ಮಡಿಯಿಂದ, ಹೊರ ಅಂಚಿಗೇ, ಮಂಚದ ಕೆಳಗೆ ಶೂ ಹೊಳೆಯುತ್ತಿದೆ, ಬುಡದಲ್ಲಿ ಒಳಕ್ಕೆ, ಹೆಬ್ಬೆರಳು, ನೀಲಿ ಬಣ್ಣ ಹತ್ತಿದ ಹೆಬ್ಬೆರಳು ಮೇಲಕ್ಕೆ, ಮತ್ತೆ ಮೇಲಕ್ಕೆ