ಬೇಡ ಅನ್ನುವವರು

"ಹಾಗಲ್ಲ ಸಾರ್, ಕೊಡಿ ಅಂತ ಕೈ ಚಾಚಿದ್ರೆ ಯಾರು ಕೊಡ್ತಾರೆ? ಮೊದಲು ಬೇಡ ಅನ್ನಿ. ಎರಡು ಸಲ ಅನ್ನಿ," ಎಂದು ಗಂಡ ನಾಯಕನಟನಿಗೆ ಹೇಳಿಕೊಡುತ್ತಿದ್ದ.

ಊರವರ ಉಳಿತಾಯವನ್ನೆಲ್ಲ ನುಂಗಿ ನೀರು ಕುಡಿದು, ಆಮೇಲೆ ಜೈಲಿನ ನೀರನ್ನೂ ಕುಡಿದು ಬಂದ ಈ ಗಂಡನ ಕಥೆಯನ್ನೇ ಸಿನಿಮಾ ಮಾಡುತ್ತಿದ್ದರು. ಎಲ್ಲೂ ತಪ್ಪಾಗದಿರಲಿ ಎಂದು ಅವನನ್ನೇ ದಿನಗೂಲಿಗೆ ಕರೆಸಿಕೊಂಡಿದ್ದರು. ಹೆಂಡತಿ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾವಲಿಗೆ ಕೂತಿದ್ದಳು. ಗಂಡಹೆಂಡಿರಿಬ್ಬರೂ ಈಗ ಇರುವುದು ಮಗಳ ಮನೆಯಲ್ಲಿ. "ಅಪ್ಪ ಇನ್ನೊಬ್ಬರ ಕಾಸು ಮುಟ್ಟಿದ್ರೆ ಇಬ್ಬರೂ ಬೇರೆ ಮನೆ ನೋಡ್ಕೊಳ್ಳಿ ಅಮ್ಮ," ಎಂದು ಬೆಳಿಗ್ಗೆಯಷ್ಟೇ ಮಗಳು ಊಟದ ಡಬ್ಬಿಯ ಮುಚ್ಚಳ ಒತ್ತುತ್ತಾ ಹೇಳಿದ್ದಳು.

ಟೀಗೆ ಬಿಟ್ಟಾಗ ಮೇಕಪ್‌ನವನು ಗಂಡನ ಹಿಂದೆ ಹಿಂದೆಯೇ ಹೋದ. ದೊಡ್ಡ ಲೈಟಿನ ಆಚೆಯಿಂದ ಗಂಡನ ದನಿ ಕೇಳಿತು: "ಅಯ್ಯೋ, ನಿಮಗ್ಯಾಕೆ ಬಿಡಿ ಅದೆಲ್ಲ. ದುಡ್ಡು ಹಾಕೋರ ಜಾಗ ತುಂಬಿಹೋಗಿದೆ. ನಿಮ್ಮನ್ನ ಸೇರಿಸ್ಕೊಂಡ್ರೆ ಉಳಿದವರು ನನ್ನ ಮೇಲೆ ಬೀಳ್ತಾರೆ."

ಮಾತು ಚಿತ್ರಕಥೆಯದಲ್ಲ. ಹೆಂಡತಿಗೆ ಅದು ಬಾಯಿಪಾಠವಾಗಿತ್ತು.

ಮೇಕಪ್‌ನವನು ಕನ್ನಡಿಯ ಮುಂದೆ ವಾಪಸು ಬಂದದ್ದೇ ಅವಳು ಎದ್ದು ಹೋದಳು. "ತಮ್ಮಾ, ನಮ್ಮ ಯಜಮಾನ್ರ ಕೈಗೆ ಏನೂ ಕೊಡಬೇಡಪ್ಪ."

"ಸಾರ್ ಕೂಡ ಅದನ್ನೇ ಅಂದ್ರು ಅಕ್ಕ."

"ಅವರು ಅನ್ನೋದು ಬೇರೆ, ನಾನು ಅನ್ನೋದು ಬೇರೆ! ಕೆಟ್ಟ ಮೇಲೆ ಬುದ್ಧಿ ಬಂದ್ರೆ ಅಟ್ಟ ಮೇಲೆ ಒಲೆ ಉರಿದ ಹಾಗೆ."

ಅವನು ಪಫ್ ಕೊಡವುತ್ತಾ ನಕ್ಕ. "ಗಂಡನೂ ಬೇಡ ಅಂತಾರೆ, ಹೆಂಡ್ತಿ ಓಡಿಬಂದು ಬೇಡ ಅಂತಾರೆ. ನಿಮ್ಮವರಿಗೇ ಅಂತ ಎತ್ತಿಟ್ಟಿದ್ದೀರಿ, ಅಲ್ವಾ? ನನ್ನನ್ನೂ ಮನೆಯವನು ಅಂದ್ಕೊಳ್ಳಿ ಅಕ್ಕ."

"ಜೈಲಿಗೆ ಹೋಗಿ ಬಂದವರಪ್ಪಾ ಅವರು! ನೀನು ಬಣ್ಣ ಹಚ್ತಿರೋದೇ ಆ ಕಥೆಗೆ!"

"ಒಂದು ಸಲ ಹೋಗಿ ಬಂದವರು ಹುಷಾರಾಗಿರ್ತಾರೆ. ಹೋಗದೇ ಇರೋರನ್ನೇ ನಂಬಬಾರದು."

ಜೈಲಿಗೆ ಮುಂಚೆ ಹಾಲಿನವನಿಗೆ, ಮಗಳ ಮೇಷ್ಟ್ರಿಗೆ, ಒಡಹುಟ್ಟಿದ ತಂಗಿಗೆ, ಎಲ್ಲರಿಗೂ ಅವಳು ಗೇಟಿನ ತನಕ ಓಡಿಹೋಗಿ ಹೀಗೆಯೇ ಬೇಡ ಅಂದಿದ್ದಳು. ಅಷ್ಟೂ ಜನ ಮರುದಿನವೇ ದುಡ್ಡು ತಂದುಕೊಟ್ಟಿದ್ದರು. ಗೇಟಿಗೆ ಓಡುವಾಗ ಗಂಡ ಅವಳನ್ನು ಒಂದು ಸಲವೂ ತಡೆದಿರಲಿಲ್ಲ.

ಮೇಕಪ್‌ನವನು ಪೆಟ್ಟಿಗೆ ಮುಚ್ಚಿ ಮತ್ತೆ ಅತ್ತ ಹೊರಟ. ಅವಳು ಕೂಗಲು ಬಾಯಿ ತೆರೆದು ಹಾಗೆಯೇ ಮುಚ್ಚಿಕೊಂಡಳು. ಅಲ್ಲಿ ಗಂಡ ಅವನಿಗೆಂದು ಪಕ್ಕದ ಕುರ್ಚಿಯ ಧೂಳನ್ನು ಕರ್ಚೀಫಿನಿಂದ ಒರೆಸಿ, ಹೆಂಡತಿಯತ್ತ ಲೋಟ ಎತ್ತಿ ತೋರಿಸಿ, ನಿನಗೂ ಟೀ ಬೇಕಾ ಎಂದು ಸನ್ನೆಯಲ್ಲೇ ಕೇಳಿದ.