ಪಾಲಣ್ಣ ಬಿದ್ದ ಮರ

ಯುಗಾದಿ ಹತ್ತಿರವಾಗಿತ್ತು. ಐ.ಡಿ.ಹಳ್ಳಿ ಕಡೆ ಹುಣಸೆಹಣ್ಣು ಬಡಿಯುವ ಕಾಲ. ಹೊತ್ತು ಮೂಡಿ ಮರದ ನೆರಳು ಹೊಲದುದ್ದಕ್ಕೂ ಚಾಚಿಕೊಂಡಿದ್ದಾಗಲೇ ಜಮೀನಿನ ಒಡೆಯ ನಾಗಲಿಂಗಯ್ಯನ ಬಾಯಿ ಶುರುವಾಯಿತು.

“ಮರ ಹತ್ತಕ್ಕೆ ಕರೆದ್ರೆ ಯೂನಿಫಾರಂ ಹಾಕ್ಕೊಂಡು ಮದ್ವಣಗಿತ್ತಿ ಹಂಗೆ ನಿಂತವ್ಳಲ್ಲ ಈ ಮುಂಡೆ!”

ಲೋಹಿತಾ ತಲೆ ಎತ್ತಲಿಲ್ಲ. ಅವತ್ತು ಮಧುಗಿರಿಯಲ್ಲಿ ಅವಳ ಎಸ್ಸೆಲ್ಸಿಯ ಮೊದಲ ಪರೀಕ್ಷೆ. ಬಸ್ಸಿಗೆ ಹೊರಟವಳನ್ನು ಒಡೆಯನ ಕಡೆಯವರು ದಾರಿಯಲ್ಲೇ ತಡೆದು ಕರೆತಂದಿದ್ದರು.

ಹೋದ ವರ್ಷ ಇದೇ ಮರದಿಂದ ಅವಳ ಅಪ್ಪ ಪಾಲಣ್ಣ ಬಿದ್ದು ಸತ್ತಿದ್ದ. ಕೊಂಬೆ ಟೊಳ್ಳಾಗಿದೆ ಅಂದಿದ್ದ. ಹತ್ತಲೇ ಹೇಡಿ ಅಂದಿದ್ದ ನಾಗಲಿಂಗಯ್ಯ. ಆಳು ಬಿದ್ದು ಸತ್ತ ಮರವನ್ನು ಮರುವರ್ಷ ಆ ಆಳಿನ ಮನೆಯವರೇ ಮೊದಲು ಹತ್ತಿ ಮೊದಲ ಏಟು ಹಾಕಬೇಕು. ಇಲ್ಲದಿದ್ದರೆ ಸತ್ತವನು ಹತ್ತಿದವರ ಕಾಲು ಹಿಡಿದು ಎಳೆಯುತ್ತಾನೆ. ಕೇರಿಯವರೂ ನಂಬಿಕೊಂಡು ಬಂದ ಕಟ್ಟಳೆ ಅದು. ಆ ಏಟು ಬೀಳದೆ ಬೇರೆ ಯಾರೂ ಮರ ಹತ್ತುವಂತಿಲ್ಲ, ಕೋಲು ಎತ್ತುವಂತಿಲ್ಲ. ಪಾಲಣ್ಣನ ಮನೆಯಲ್ಲಿ ಉಳಿದವಳು ಈ ಹುಡುಗಿ ಒಬ್ಬಳೇ.

ಗೋಣಿಚೀಲ ಹಾಸುತ್ತಿದ್ದ ಮುದುಕಿ ಓಬಳಮ್ಮ ಸೊಂಟ ನೆಟ್ಟಗೆ ಮಾಡಿದಳು. ತಬ್ಬಲಿಯಾದ ಹುಡುಗಿಯನ್ನು ತನ್ನ ಮನೆಗೆ ಕರಕೊಂಡವಳು ಅವಳೇ. ಮೊದಮೊದಲು ಪುಸ್ತಕ ತೆರೆದರೆ ಲೋಹಿತಾಗೆ ಕೊಂಬೆ ಮುರಿದ ಸದ್ದೇ ಕೇಳುತ್ತಿತ್ತು. “ಜೋರಾಗ್ ಓದವ್ವ, ನಂಗೂ ಕೇಳ್ಲಿ” ಎಂದು ಮುದುಕಿ ಎದುರಿಗೆ ಕೂರುತ್ತಿದ್ದಳು. ವಿಜ್ಞಾನದ ಪಾಠವನ್ನೂ ಕಥೆಯಂತೆ ಕೇಳಿ, “ಆಮ್ಯಾಕೆ? ಆ ರಕ್ತ ಎಲ್ಲಿಗೋಯ್ತು?” ಅನ್ನುವಳು.

“ಮತ್ತೆ ಎದೆಗೇ ಬತ್ತದೆ ಅಜ್ಜಿ.”

“ಬಂತಾ? ಸದ್ಯ. ಮುಂದುಕ್ ಓದು.”

ಹಾಗೆ ಓದಿ ಓದಿ ಆ ಸದ್ದು ದೂರವಾಗಿತ್ತು. ಈಗ ಮರದಡಿ ಹುಡುಗಿ ಮುದುಕಿಯ ಸೆರಗು ಹಿಡಿದುಕೊಂಡಳು.

“ಅಜ್ಜೀ, ಅಪ್ಪ ಮ್ಯಾಲವ್ನೆ.”

“ಇರ್ಲಿ ಬುಡು. ನಿಮ್ಮಪ್ಪ ತಾನೆ?”

ಓಬಳಮ್ಮ ಸೀರೆಯನ್ನು ಕಚ್ಚೆ ಕಟ್ಟಿ ಕೋಲು ಎತ್ತಿಕೊಂಡಳು. “ನಾನ್ ಹತ್ತೀನಿ ಸೋಮಿ.”

“ನೀನ್ಯಾವ ಮನೆಯೋಳೇ, ಗೊಡ್ಡು ಮುದುಕಿ?”

“ಅವ್ಳು ಉಣ್ಣೋ ಮುದ್ದೆ ನನ್ನೊಲೇಲಿ ಬೇಯ್ತದೆ. ಒಂದೇ ಮನೆ ಅಲ್ವೇನ್ರಲಾ?”

ಆಳುಗಳಲ್ಲಿ ಹಿರಿಯನಾದ ದೊಡ್ಡಹನುಮಯ್ಯ ನೆಲ ನೋಡಿಕೊಂಡೇ ಅಂದ: “ದಿಟವೇ.”

“ಹತ್ತಿ ಸಾಯಿ ಅತ್ಲಾಗೆ!” ಅಂದ ನಾಗಲಿಂಗಯ್ಯ. ಹಣ್ಣು ತುಂಬಲು ಮಂಡಿಯ ಲಾರಿ ಆಗಲೇ ಬಂದು ನಿಂತಿತ್ತು.

ಮುದುಕಿ ಏದುಸಿರು ಬಿಡುತ್ತಾ ಮೊದಲ ಕವಲು ಮುಟ್ಟಿ, ಅಲ್ಲಿಂದ ಕೂಗಿದಳು. “ಬಸ್ ಬತ್ತದೆ, ಓಡೇ! ಹಿಂದುಕ್ ನೋಡ್ಬ್ಯಾಡ!”

ಹುಡುಗಿ ಓಡಿದಳು.

“ಬಡಿಯೇ ಇನ್ನ!” ನಾಗಲಿಂಗಯ್ಯ ಕೆಳಗಿಂದ ಕೂಗಿದ.

ಓಬಳಮ್ಮ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. “ಬಡಿಯಲ್ಲ.”

“ಏನಂದೆ?”

“ಟೊಳ್ಳು ಕೊಂಬೆಗೆ ಪಾಲಣ್ಣನ್ನ ಹತ್ಸಿದ್ದು ಯಾರು ಅಂತ ನಿನ್ ಬಾಯಲ್ಲೇ ಹೇಳು. ಎಲ್ರಿಗೂ ಕೇಳಂಗೆ ಹೇಳು. ಆಮ್ಯಾಕೆ ಬಡಿತೀನಿ.”

“ನಿನ್ನವ್ವನ್! ಹತ್ತಿ ಎಳ್ಕೊಂಡ್ ಬರ್ರಲೇ ಅವ್ಳನ್ನ!”

ಯಾರೂ ಅಲುಗಲಿಲ್ಲ. ಮೊದಲ ಏಟು ಬಿದ್ದಿರಲಿಲ್ಲವಲ್ಲ. ದೊಡ್ಡಹನುಮಯ್ಯ ತನ್ನ ಕೋಲನ್ನು ನೆಲಕ್ಕಿಟ್ಟು ಬೀಡಿ ಹಚ್ಚಿದ. ನಾಗಲಿಂಗಯ್ಯ ಎಸೆದ ಮಣ್ಣಿನ ಹೆಂಟೆ ಮುದುಕಿಯ ಬೆನ್ನಿಗೆ ಬಿದ್ದು ಪುಡಿಯಾಯಿತು.

ಗಾಳಿ ಇರಲಿಲ್ಲ. ಆದರೂ ಮೇಲಿನ ಕೊಂಬೆ ಕಿರುಗುಟ್ಟಿತು. ಓಬಳಮ್ಮ ಒಮ್ಮೆ ಮೇಲೆ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು, ಒಬ್ಬರು ಕೂರುವಷ್ಟು ಜಾಗ ಬಿಟ್ಟಳು.

ಲೋಹಿತಾ ಹತ್ತಿದ ಬಸ್ಸು ಮಧುಗಿರಿಗೆ ಹೋಯಿತು. ಸಂಜೆ ಲಾರಿ ಖಾಲಿ ಹೋಯಿತು. ಓಬಳಮ್ಮ ಇನ್ನೂ ಕವಲಿನ ಮೇಲೆಯೇ ಇದ್ದಳು.